ಆ ಡಾಲರ್ ನಾಣ್ಯ ಬೆಳ್ಳಿಯದ್ದಲ್ಲ, ಆ ಪ್ರಯಾಣ ಪುಕ್ಕಟೆಯೂ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಕ್ರೆಡಿಟ್ ಕಾರ್ಡಿನ ಪಾಯಿಂಟ್ ಕೂಡಿಸಿ ವಿಮಾನ ಹತ್ತುವವರ ಬಗ್ಗೆ ಒಂದು ಲೇಖನ ಇತ್ತು. ಅದರ ಮಧ್ಯೆ ಬಣ್ಣದ ಚೌಕದೊಳಗೆ ನಾಲ್ಕು ಸಾಲು. ಅಮೆರಿಕದ ಜನ ಕಾರ್ಡ್ ಉಜ್ಜಿ ಸರ್ಕಾರದಿಂದ ಬೆಳ್ಳಿಯ ಡಾಲರ್ ನಾಣ್ಯ ಕೊಂಡರಂತೆ, ಅದನ್ನೇ ಬ್ಯಾಂಕಿಗೆ ಕಟ್ಟಿದರಂತೆ, ಹೀಗೆ ಸರ್ಕಾರಕ್ಕೆ ಟೋಪಿ ಹಾಕಿ ಪುಕ್ಕಟೆಯಾಗಿ ಲೋಕ ಸುತ್ತಿದರಂತೆ. ಇರುವುದು ನಾಲ್ಕೇ ಸಾಲು. ತಪ್ಪು ಮಾತ್ರ ಮೂರು.

ಮೊದಲು ಬೆಳ್ಳಿಯ ವಿಷಯ ಮುಗಿಸುತ್ತೇನೆ. ಅದರಿಂದ ನನಗೆ ಆಗಲೇ ತೊಂದರೆ ಶುರುವಾಗಿದೆ. ನನ್ನ ಹತ್ತಿರ ಆ ನಾಣ್ಯ ಕೆಲವು ಇವೆ ಅಂತ ಪಕ್ಕದ ಮನೆಯವರಿಗೆ ಗೊತ್ತು. ಸೋಮವಾರ ಬೆಳಿಗ್ಗೆ ಕಾಫಿ ಹೊತ್ತಿಗೆ ನಿಮ್ಮ ಪೇಪರ್ ಹಿಡಿದೇ ಬಂದರು. ‘ಬೆಳ್ಳಿ ರೇಟ್ ಎಷ್ಟಾಗಿದೆ ನೋಡಿದ್ರಾ? ಸುಮ್ನೆ ಡಬ್ಬಿಯಲ್ಲಿ ಇಟ್ಕೊಂಡು ಕೂತಿದೀರಲ್ಲ!’ ಅಂದರು. ಅಲ್ಲ ಮಾರಾಯ್ರೆ, ಅದು ಹಿತ್ತಾಳೆ ಅಂದರೆ ನಂಬಲಿಲ್ಲ. ಪೇಪರಿನಲ್ಲಿ ಬಂದ ಮೇಲೆ ನನ್ನ ಮಾತು ಯಾರು ಕೇಳುತ್ತಾರೆ? ಕೊನೆಗೆ ಅವರನ್ನೇ ಕರೆದುಕೊಂಡು ಪೇಟೆಯ ಅಕ್ಕಸಾಲಿಯ ಹತ್ತಿರ ಹೋದೆ. ಆತ ಅದನ್ನು ಒರೆಗಲ್ಲಿಗೂ ಹಚ್ಚಲಿಲ್ಲ. ಅಂಗೈಯಲ್ಲಿ ಒಮ್ಮೆ ಹಾರಿಸಿ ಹಿಡಿದು, ‘ಮಕ್ಕಳಿಗೆ ಆಡಕ್ಕೆ ಕೊಡಿ’ ಅಂತ ವಾಪಸ್ ಕೊಟ್ಟ.

ಅದರ ಒಳಗಿರುವುದು ತಾಮ್ರ. ಮೇಲಿರುವುದು ಮ್ಯಾಂಗನೀಸ್ ಬೆರೆಸಿದ ಹಿತ್ತಾಳೆಯ ಪದರ. ತೂಕ 8.1 ಗ್ರಾಂ, ಅಡ್ಡಳತೆ 26.5 ಮಿಲಿಮೀಟರ್. ಅಮೆರಿಕದಲ್ಲಿ ಬೆಳ್ಳಿಯ ಡಾಲರ್ ಇದ್ದದ್ದು ನಿಜ, ಆದರೆ ಅದು ಅಜ್ಜಂದಿರ ಕಾಲದ್ದು. ಕಾರ್ಡಿನಲ್ಲಿ ಕೊಂಡ ನಾಣ್ಯ ಹೊಸತಿರುವಾಗ ಥೇಟ್ ಚಿನ್ನದ ಬಣ್ಣ. ನಾಲ್ಕು ದಿನ ಕೈಯಾಡಿದರೆ ಸಾಕು, ತೊಳೆಯದ ದೀಪದ ಕಂಬದ ಹಾಗೆ ಕಂದುತ್ತದೆ.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂತ ಕೇಳಬಹುದು. ನಾನು 36 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಅದರಲ್ಲಿ ಹೆಚ್ಚಿನ ಕಾಲ ಕ್ಯಾಶ್ ಕೌಂಟರಿನಲ್ಲೇ ಕಳೆಯಿತು. 2009ರಲ್ಲಿ ನಿವೃತ್ತನಾದೆ. ಮರುವರ್ಷ ಏಪ್ರಿಲ್‌ನಲ್ಲಿ ನಾನೂ ನನ್ನ ಹೆಂಡತಿಯೂ ಮಗನ ಮನೆಗೆ ಅಂತ ನ್ಯೂಜೆರ್ಸಿಯ ಎಡಿಸನ್‌ಗೆ ಹೋಗಿ ಸೆಪ್ಟೆಂಬರ್‌ವರೆಗೆ ಇದ್ದೆವು. ನಿಮ್ಮ ಲೇಖಕರು ನಾಲ್ಕು ಸಾಲಿನಲ್ಲಿ ಹೇಳಿದ ಆ ನಾಣ್ಯಗಳನ್ನು ನಾನು ಕೈಯಾರೆ ಹೊತ್ತಿದ್ದೇನೆ. ಹೊತ್ತಿದ್ದೇನೆ ಅಂದರೆ ಬರೀ ಮಾತಿಗೆ ಅಲ್ಲ, ಸೊಂಟ ಹಿಡಿದು ಎರಡು ದಿನ ಮಲಗಿದ್ದೂ ಇದೆ.

ಹೋಗಿ ಒಂದು ವಾರವಾಗಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ನಾಲ್ಕು ಪೆಟ್ಟಿಗೆ. ಕೊರಿಯರ್‌ನವನು ಇಟ್ಟು ಹೋಗಿದ್ದ. ಮಲ್ಲಿಗೆ ದಂಡೆ ಕಟ್ಟಿಕೊಡುವ ಪೊಟ್ಟಣದಷ್ಟು ಚಿಕ್ಕದು. ಎತ್ತಲು ಹೋದರೆ ಕೈ ಜಗ್ಗಿತು. ಒಂದೊಂದೂ ಎರಡು ಕಿಲೋಗಿಂತ ಜಾಸ್ತಿ. ಒಳಗೆ 10 ಸುರುಳಿ, ಸುರುಳಿಗೆ 25 ನಾಣ್ಯ, ಪೆಟ್ಟಿಗೆಗೆ 250. ಬಿಚ್ಚಿದ ಕೂಡಲೇ ಹೆಂಡತಿ ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ‘ಕಾಸಿನ ಸರಕ್ಕೆ ಪೋಣಿಸಬಹುದಲ್ರೀ’ ಅಂದಳು. ನಾಣ್ಯದ ಮೇಲೆ ಕೋಟು ಹಾಕಿದ ಒಬ್ಬ ಯಜಮಾನರು. ಹೆಸರು ಮಿಲ್ಲಾರ್ಡ್ ಫಿಲ್ಮೋರ್, 13ನೇ ಅಧ್ಯಕ್ಷರಂತೆ. ಹಿಂದೆ ಸ್ವಾತಂತ್ರ್ಯ ದೇವಿಯ ಪ್ರತಿಮೆ. ಇಸವಿ ಹುಡುಕಿದರೆ ಎರಡು ಮುಖದಲ್ಲೂ ಇಲ್ಲ. ಕೊನೆಗೆ ಸಿಕ್ಕಿದ್ದು ಅಂಚಿನಲ್ಲಿ. ಅಲ್ಲಿ ಇಸವಿಯ ಪಕ್ಕ ಒಂದು ಸಣ್ಣ ‘ಪಿ’ ಅಕ್ಷರ. ಫಿಲಡೆಲ್ಫಿಯಾದಲ್ಲಿ ಒತ್ತಿದ್ದು ಅಂತ ಅರ್ಥ. ‘ಡಿ’ ಇದ್ದರೆ ಡೆನ್ವರ್.

ಸಂಜೆ ಮಗ ಬಂದ ಮೇಲೆ ವಿಚಾರಿಸಿದೆ. ಅವನು ನಗುತ್ತಾ ಹೇಳಿದ ಲೆಕ್ಕ ಇಷ್ಟು. 2008ರಲ್ಲಿ ಅಲ್ಲಿನ ಟಂಕಸಾಲೆಯವರು ಡಾಲರ್ ನಾಣ್ಯವನ್ನು ನೇರ ಮನೆಗೆ ಕಳಿಸುವ ಯೋಜನೆ ತಂದರು. 250 ಡಾಲರ್ ಕೊಟ್ಟರೆ 250 ನಾಣ್ಯ. ಮುಖಬೆಲೆಗಿಂತ ಒಂದು ಸೆಂಟ್ ಜಾಸ್ತಿ ಇಲ್ಲ, ಸಾಗಣೆ ವೆಚ್ಚವೂ ಅವರದೇ. ಕ್ರೆಡಿಟ್ ಕಾರ್ಡ್ ನಡೆಯುತ್ತದೆ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆದರೆ ಶುಲ್ಕ, ಆ ದಿನದಿಂದಲೇ ಬಡ್ಡಿ, ಪಾಯಿಂಟ್ ಇಲ್ಲ. ಇದು ಹಾಗಲ್ಲ. ಸೋಪು ಕೊಂಡ ಹಾಗೆ, ಅಂಗಿ ಕೊಂಡ ಹಾಗೆ ‘ಖರೀದಿ’ ಅಂತ ಲೆಕ್ಕ. ಡಾಲರಿಗೆ ಒಂದು ‘ಮೈಲಿ’ಯಂತೆ ವಿಮಾನ ಕಂಪನಿಯ ಖಾತೆಗೆ ಬೀಳುತ್ತದೆ. ಮೈಲಿ ಅಂದರೆ ಅವರ ಪಾಯಿಂಟ್, ಸಾಕಷ್ಟು ಕೂಡಿಸಿದರೆ ಟಿಕೆಟ್ ಸಿಗುತ್ತದೆ. ನಾಣ್ಯ ಬಂದ ಮೇಲೆ ಬ್ಯಾಂಕಿಗೆ ಕಟ್ಟುವುದು, ಅದೇ ದುಡ್ಡಲ್ಲಿ ಕಾರ್ಡಿನ ಬಿಲ್ ತೀರಿಸುವುದು. ಗಡುವಿನೊಳಗೆ ಕಟ್ಟಿದರೆ ಬಡ್ಡಿ ಸೊನ್ನೆ. ಮೈಲಿ ಮಾತ್ರ ಉಳಿಯಿತು.

‘ಇದರಲ್ಲಿ ಎಲ್ಲೋ ಕಳ್ಳಲೆಕ್ಕ ಇದೆ ಕಣೋ’ ಅಂದೆ. ‘ಎಲ್ಲಿದೆ ತೋರಿಸಪ್ಪಾ’ ಅಂದ.

ಕ್ಯಾಶಿಯರ್ ಆದವನಿಗೆ ಆ ಮಾತು ಹೇಳಬಾರದಿತ್ತು. ರಾತ್ರಿ ಊಟ ಮುಗಿಸಿ ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಹಾಕಿದೆ. ಎಡಕ್ಕೆ ಖರ್ಚು, ಬಲಕ್ಕೆ ಜಮಾ. ಮಗನ ಕೈಯಿಂದ ಹೋದದ್ದು 250, ಬಂದದ್ದು 250. ಅಲ್ಲಿಗೆ ಸರಿಹೋಯಿತು. ಹಾಗಾದರೆ ಮೈಲಿ ಎಲ್ಲಿಂದ ಬಂತು? ಕಾರ್ಡಿನ ಕಂಪನಿ ಕೊಟ್ಟಿತು. ಅದಕ್ಕೆ ದುಡ್ಡು ಎಲ್ಲಿಂದ? ಮಾರುವವನ ಕಮಿಷನ್‌ನಿಂದ, ನೂರಕ್ಕೆ ಎರಡರ ಆಸುಪಾಸು. ಇಲ್ಲಿ ಮಾರುವವನು ಯಾರು? ಸರ್ಕಾರದ ಟಂಕಸಾಲೆ. ಜೊತೆಗೆ ಎರಡು ಕಿಲೋ ಲೋಹವನ್ನು ಊರಿಂದ ಊರಿಗೆ ಹೊತ್ತು ತಂದ ಖರ್ಚೂ ಅವರದೇ. ಹಾಳೆಯ ಎಡಭಾಗದಲ್ಲಿ ಖಾಲಿ ಬಿದ್ದ ಜಾಗಕ್ಕೆ ಹೆಸರು ಸಿಕ್ಕಿತು. ಬೆಳಿಗ್ಗೆ ಮಗನಿಗೆ ತೋರಿಸಿದೆ. ‘ಅದು ಅವರಿಗೂ ಗೊತ್ತಪ್ಪಾ, ಗೊತ್ತಿದ್ದೇ ಮಾರ್ತಿದಾರೆ’ ಅಂತ ಹೇಳಿ ಆಫೀಸಿಗೆ ಹೋದ.

ಇದು ನಿಮ್ಮ ಲೇಖನದ ಎರಡನೇ ತಪ್ಪಿಗೆ ಸಂಬಂಧಿಸಿದ್ದು. ಟೋಪಿ ಹಾಕಿದರು ಅನ್ನಬೇಕಾದರೆ ಎದುರಿನವನಿಗೆ ಗೊತ್ತಿರಬಾರದು. ಇಲ್ಲಿ ಬಾಗಿಲು ತೆಗೆದಿಟ್ಟವರೇ ಅವರು. ಯಾಕೆ ತೆಗೆದಿಟ್ಟರು ಅನ್ನುವುದೇ ದೊಡ್ಡ ಕತೆ.

ಅಮೆರಿಕದಲ್ಲಿ ಡಾಲರ್ ನಾಣ್ಯವನ್ನು ಜನರ ಕೈಗೆ ಹತ್ತಿಸಲು ಪಟ್ಟ ಪಾಡು ಒಂದೆರಡಲ್ಲ. 1979ರಲ್ಲಿ ಸೂಸನ್ ಆಂಟನಿ ಎಂಬ ಹೋರಾಟಗಾರ್ತಿಯ ಚಿತ್ರದ ನಾಣ್ಯ ತಂದರು. ಬಣ್ಣ, ಗಾತ್ರ ಎರಡೂ ಹೆಚ್ಚುಕಡಿಮೆ 25 ಸೆಂಟಿನ ಹಾಗೆ. ಜನ ಗಲಿಬಿಲಿಯಾಗಿ ಕೈಬಿಟ್ಟರು. 2000ದಲ್ಲಿ ಬಣ್ಣ ಬದಲಿಸಿ, ಸಕಾಗವಿಯಾ ಎಂಬ ಮೂಲನಿವಾಸಿ ಹೆಂಗಸು ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಚಿತ್ರ ಹಾಕಿದರು. ಚೆಂದದ ನಾಣ್ಯ ಅದು. ಅದೂ ಓಡಲಿಲ್ಲ. 2005ರಲ್ಲಿ ಕಾನೂನೇ ಮಾಡಿದರು. 2007ರಿಂದ ವರ್ಷಕ್ಕೆ ನಾಲ್ಕು ಅಧ್ಯಕ್ಷರಂತೆ ವಾಷಿಂಗ್ಟನ್‌ರಿಂದ ಶುರುಮಾಡಿ ಸಾಲಾಗಿ ಒತ್ತುತ್ತಾ ಹೋಗಬೇಕು ಅಂತ. ಜನ ಕೇಳಲಿ ಬಿಡಲಿ, ಮೂರು ತಿಂಗಳಿಗೊಬ್ಬ ಹೊಸ ಅಧ್ಯಕ್ಷರು ತಯಾರು.

ಇಷ್ಟೆಲ್ಲ ಮಾಡಿದವರು ಒಂದು ಕೆಲಸ ಮಾತ್ರ ಮಾಡಲಿಲ್ಲ. ಒಂದು ಡಾಲರಿನ ನೋಟು ನಿಲ್ಲಿಸಲಿಲ್ಲ. ಕೆನಡಾದವರು 1987ರಲ್ಲಿ ಡಾಲರ್ ನಾಣ್ಯ ತಂದು 1989ರಲ್ಲಿ ನೋಟು ಬಿಡುವುದನ್ನು ನಿಲ್ಲಿಸಿದರು. ಅಲ್ಲಿ ನಾಣ್ಯ ತಾನಾಗಿ ಓಡಿತು. ನಮ್ಮಲ್ಲೂ ಅಷ್ಟೇ. ಒಂದು ರೂಪಾಯಿ ನೋಟು ಅಚ್ಚು ಹಾಕುವುದನ್ನು 1994ರಲ್ಲಿ, ಎರಡು ಮತ್ತು ಐದು ರೂಪಾಯಿಯದ್ದನ್ನು 1995ರಲ್ಲಿ ನಿಲ್ಲಿಸಿದ್ದು ಕೌಂಟರಿನಲ್ಲಿ ಕೂತ ನನಗೆ ಚೆನ್ನಾಗಿ ನೆನಪಿದೆ. (ಒಂದು ರೂಪಾಯಿಯದ್ದು 2015ರಲ್ಲಿ ಮತ್ತೆ ಬಂತು, ಅದು ಬೇರೆ ಮಾತು. ಈಗ ಮುಯ್ಯಿ ಕವರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಾಣುವುದಿಲ್ಲ.) ಮೆತ್ತಗಿನ ನೋಟು ಕಿಸೆಯಲ್ಲಿರುವಾಗ ಭಾರದ ನಾಣ್ಯ ಯಾರು ತಗೋತಾರೆ? 2011ರ ಮಾರ್ಚ್‌ನಲ್ಲಿ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿಯೂ ನೋಟು ಬಿಟ್ಟು ನಾಣ್ಯಕ್ಕೆ ಬನ್ನಿ ಅಂತ ಹೇಳಿತು. 30 ವರ್ಷದಲ್ಲಿ ಸುಮಾರು 550 ಕೋಟಿ ಡಾಲರ್ ಲಾಭ ಅಂತ ಅಂದಾಜು ಕೊಟ್ಟಿತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನೋಟು ನಿಲ್ಲಿಸಲಾಗದ ಸರ್ಕಾರ ನಾಣ್ಯವನ್ನು ಮನೆ ಬಾಗಿಲಿಗೆ ಕಳಿಸಿತು. ಅಂಗಡಿಯವರು ತರಿಸಿಕೊಂಡು ಚಿಲ್ಲರೆಯಾಗಿ ಕೊಡಲಿ ಅನ್ನುವುದು ಅವರ ಎಣಿಕೆ. ತರಿಸಿಕೊಂಡವರಲ್ಲಿ ಎಷ್ಟೋ ಜನ ನನ್ನ ಮಗನಂಥವರು.

ಇನ್ನು ಬ್ಯಾಂಕಿನ ಕತೆ. ಯಾವ ಬ್ಯಾಂಕ್ ಅಂತ ಬೇಡ, ಮನೆಯಿಂದ ಹತ್ತು ನಿಮಿಷದ ಶಾಖೆ ಅಂತ ಇಟ್ಟುಕೊಳ್ಳಿ. ಸುರುಳಿಯಲ್ಲಿ ಕಟ್ಟುವುದಾದರೆ ಪ್ರತಿ ಸುರುಳಿಯ ಮೇಲೂ ಖಾತೆ ನಂಬರ್ ಬರೆದಿರಬೇಕು, ಒಂದು ನಾಣ್ಯ ಕಮ್ಮಿ ಬಿದ್ದರೆ ಯಾರನ್ನು ಹಿಡಿಯಬೇಕು ಅಂತ ಗೊತ್ತಾಗಲಿ ಅಂತ. ಮಗನಿಗೆ ಪುರುಸೊತ್ತಿಲ್ಲ. ಆ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ಪೆಟ್ಟಿಗೆ ಅಂದರೆ 40 ಸುರುಳಿ. ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು, ಕನ್ನಡಕ ಏರಿಸಿ, ಬಾಲ್‌ಪೆನ್ನಿನಲ್ಲಿ 40 ಸಲ ಒಂದೇ ನಂಬರ್ ಬರೆಯುತ್ತಿದ್ದೆ. ಸುರುಳಿಯ ಹೊರಕಾಗದ ನುಣುಪು, ಶಾಯಿ ಹಿಡಿಯುತ್ತಿರಲಿಲ್ಲ, ಬೆರಳಿಗೆ ಮೆತ್ತುತ್ತಿತ್ತು. ರಾಮನಾಮ ಬರೆದಿದ್ದರೆ ಅಷ್ಟು ಹೊತ್ತಿಗೆ ಕೋಟಿ ಮುಟ್ಟುತ್ತಿತ್ತು ಅಂತ ಹೆಂಡತಿ ಚುಚ್ಚುತ್ತಿದ್ದಳು. ಆಮೇಲೆ ತರಕಾರಿ ತರುವ ಗಾಲಿಚೀಲದಲ್ಲಿ ತುಂಬಿ ಕಾರಿನ ಡಿಕ್ಕಿಗೆ.

ಕೌಂಟರಿನಲ್ಲಿ ಒಬ್ಬ ಹುಡುಗಿ ಇದ್ದಳು. ಮೊದಲ ಸಲ ನಕ್ಕಳು. ಎರಡನೇ ಸಲ ‘ಮತ್ತೆ ಬಂದಿರಾ’ ಅಂದಳು. ನಾಲ್ಕನೇ ಸಲದ ಹೊತ್ತಿಗೆ ನಗು ನಿಂತಿತ್ತು. ಗಾಲಿಚೀಲ ಬಾಗಿಲು ದಾಟುವುದನ್ನು ಕಂಡ ಕೂಡಲೇ ಆ ಹುಡುಗಿಯ ಭುಜ ಇಳಿಯುವುದು ನನಗೆ ಕಾಣಿಸಿತು. ಆ ಭುಜ ಇಳಿಯುವುದು ನನಗೆ ಗೊತ್ತಿರುವುದೇ. ನಮ್ಮ ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಜಾತ್ರೆ ಮುಗಿಯುತ್ತಿದ್ದ ಹಾಗೆ ಕೌಂಟರಿಗೆ ಚಿಲ್ಲರೆ ಚೀಲ ಬರುತ್ತಿದ್ದವು. ಬೊಂಬಾಯಿ ಮಿಠಾಯಿಯವನದು, ತೊಟ್ಟಿಲವನದು, ಬಳೆಯವನದು. ಜಿಗುಟು ಹಿಡಿದ ನಾಣ್ಯ, ಮಧ್ಯೆ ಕುಂಕುಮ, ಅಕ್ಕಿಕಾಳು. ಎಣಿಸಿ ಎಣಿಸಿ ಸಂಜೆಗೆ ಬೆರಳ ತುದಿ ಕಪ್ಪು. ಸಾಬೂನಿಗೂ ಹೋಗುವುದಿಲ್ಲ, ಹುಣಸೆಹಣ್ಣು ಹಾಕಿ ಉಜ್ಜಬೇಕು. ಆ ಕೌಂಟರಿನ ಈಚೆ ನಿಂತು ಇನ್ನೊಬ್ಬರ ಮೇಲೆ ಭಾರ ಹೊರಿಸುವವನು ನಾನಾಗುತ್ತೇನೆ ಅಂತ ಎಣಿಸಿರಲಿಲ್ಲ.

ಒಂದು ದಿನ ಮ್ಯಾನೇಜರ್ ಬಂದು ಮಗನನ್ನು ಪಕ್ಕಕ್ಕೆ ಕರೆದರು. ಇಷ್ಟು ನಾಣ್ಯ ಇಟ್ಟುಕೊಳ್ಳಲು ನಮಗೆ ಜಾಗ ಇಲ್ಲ, ಕೇಳುವ ಗಿರಾಕಿ ಇಲ್ಲ, ವಾಪಸ್ ಕಳಿಸಲು ಗಾಡಿಯವರಿಗೆ ನಾವೇ ದುಡ್ಡು ಕೊಡಬೇಕು ಅಂದರು. ಒರಟಾಗಿ ಏನೂ ಹೇಳಲಿಲ್ಲ. ಮಗ ಮುಂದಿನ ವಾರದಿಂದ ಬೇರೆ ಶಾಖೆಗೆ ಹೋದ.

ಆ ನಾಣ್ಯ ಅಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಗೊತ್ತೇ? ಫೆಡರಲ್ ರಿಸರ್ವ್‌ನ ತಿಜೋರಿಗೆ. ನಮ್ಮ ರಿಸರ್ವ್ ಬ್ಯಾಂಕ್ ಇದ್ದ ಹಾಗೆ ಅದು. ಟಂಕಸಾಲೆಯಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಅಡುಗೆಮನೆ ಮೇಜಿಗೆ, ಮೇಜಿನಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ತಿಜೋರಿಗೆ. ಒಂದು ಡಾಲರ್ ನಾಣ್ಯ ಒತ್ತಲು ಆಗ ಸುಮಾರು 30 ಸೆಂಟ್ ಬೀಳುತ್ತಿತ್ತು. ಮಿಕ್ಕ 70 ಸೆಂಟ್ ಸರ್ಕಾರದ ಲಾಭ ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಆದರೆ ನಾಣ್ಯ ತಿಜೋರಿಗೆ ವಾಪಸ್ ಬಂದು ಕೂತರೆ ಅದೆಂಥಾ ಲಾಭ? ಪುಸ್ತಕದಲ್ಲಿ ಮಾತ್ರ ಇದ್ದು ಪೆಟ್ಟಿಗೆಯಲ್ಲಿ ಇಲ್ಲದ ದುಡ್ಡು. ನನ್ನ ಕೌಂಟರಿನಲ್ಲಿ ಹಾಗಾಗಿದ್ದರೆ ನನ್ನನ್ನು ಸಸ್ಪೆಂಡ್ ಮಾಡುತ್ತಿದ್ದರು.

ಇಲ್ಲಿ ನನ್ನದೇ ಒಂದು ವಿಷಯ ಒಪ್ಪಿಕೊಳ್ಳಬೇಕು. ಆ ಜುಲೈನಲ್ಲಿ ನಾವಿಬ್ಬರೂ ನ್ಯೂವಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಬಂದೆವು. ಅಲ್ಲಿ ಹೆಂಡತಿಯ ತಂಗಿಯ ಮಗಳಿದ್ದಾಳೆ. ಟಿಕೆಟ್ ಮೈಲಿಯದ್ದು, ತಲೆಗೆ 25,000ದಂತೆ 50,000. ನಾನು ಕಿಟಕಿ ಪಕ್ಕ ಕೂತು ಲೆಕ್ಕ ಹಾಕಿದೆ. 50,000 ಮೈಲಿ ಅಂದರೆ 50,000 ನಾಣ್ಯ, 200 ಪೆಟ್ಟಿಗೆ, 2,000 ಸುರುಳಿ. ತೂಕ 405 ಕಿಲೋ. ನಾಲ್ಕು ಕ್ವಿಂಟಲ್ ಅಡಿಕೆ ಹೇರಿದ ಹಾಗೆ. ಮಗನಿಗೆ ಅಷ್ಟೂ ನಾಣ್ಯದಿಂದಲೇ ಬಂದದ್ದಲ್ಲ, ಮನೆಖರ್ಚಿನದ್ದೂ ಸೇರಿತ್ತು. ಆದರೂ ಗಗನಸಖಿ ಕಾಫಿ ಕೊಡುವಾಗ ಆ ಕೌಂಟರಿನ ಹುಡುಗಿಯ ಭುಜ ನೆನಪಿಗೆ ಬಂತು. ಟಿಕೆಟ್ ಪುಕ್ಕಟೆ ಅಲ್ಲ. ದುಡ್ಡು ಕೊಟ್ಟವರು ನಾವಲ್ಲ, ಅಷ್ಟೇ. ನಿಮ್ಮ ಲೇಖನದ ಮೂರನೇ ತಪ್ಪು ಇದೇ.

ವಾಪಸ್ ಬಂದ ಮೇಲೆ ನನಗೊಂದು ಹುಳ ಹೊಕ್ಕಿತು. ಬಂದ ನಾಣ್ಯವನ್ನು ತಕ್ಷಣ ಬ್ಯಾಂಕಿಗೆ ಕಟ್ಟಿದರೆ ಚಲಾವಣೆಗೆ ಬಂದ ಹಾಗಾಗುವುದಿಲ್ಲ, ಅದು ಈ ಯೋಜನೆಯ ಉದ್ದೇಶಕ್ಕೆ ಸರಿಹೋಗುವುದಿಲ್ಲ ಅಂತ ಟಂಕಸಾಲೆಯ ಸೂಚನೆಯಲ್ಲೇ ಇತ್ತು. ಮಗ ತೋರಿಸಿದ್ದ. ಸರಿ, ಉದ್ದೇಶ ನಾನು ಈಡೇರಿಸುತ್ತೇನೆ ಅಂತ ಎರಡು ಸುರುಳಿ ಕೇಳಿ ಇಟ್ಟುಕೊಂಡೆ. 50 ನಾಣ್ಯ. ಬದಲಿಗೆ ನೋಟು ಎಣಿಸಿ ಕೊಟ್ಟೆ, ಸಾಲ ಬೇಡ.

ಮೊದಲು ಹೋದದ್ದು ಗುಜರಾತಿಯವರ ದಿನಸಿ ಅಂಗಡಿಗೆ. ಕೊತ್ತಂಬರಿ, ಕರಿಬೇವು, ಒಂದು ತೆಂಗಿನಕಾಯಿ. ಮೂರು ನಾಣ್ಯ ಮುಂದಿಟ್ಟೆ. ಅವರು ಒಂದನ್ನು ತಿರುಗಿಸಿ, ಮತ್ತೆ ತಿರುಗಿಸಿ, ‘ಅಂಕಲ್, ಇದು ಆಟದ ಅಂಗಡಿಯದ್ದಾ?’ ಅಂತ ಹಿಂದಿಯಲ್ಲಿ ಕೇಳಿದರು. ಒಳಗಿನಿಂದ ಅವರ ಮಗ ಬಂದು ನೋಡಿ ತಗೋ ಅಂದ. ಆದರೆ ಗಲ್ಲಾಪೆಟ್ಟಿಗೆಯಲ್ಲಿ ಅದಕ್ಕೆ ಜಾಗ ಇಲ್ಲ. ಚಿಲ್ಲರೆಯ ಗೂಡು ಐದಿದ್ದವು. ನಾಲ್ಕರಲ್ಲಿ ದಿನದ ನಾಣ್ಯ, ಐದನೆಯದರಲ್ಲಿ ರಬ್ಬರ್ ಬ್ಯಾಂಡ್, ಪಿನ್ನು. ನನ್ನ ಮೂರು ಅಧ್ಯಕ್ಷರು ರಬ್ಬರ್ ಬ್ಯಾಂಡ್ ಮೇಲೆ ಕೂತರು.

ಕ್ಷೌರಕ್ಕೆ 14 ಕೊಟ್ಟೆ, ಟಿಪ್ಸ್ ಸೇರಿಸಿ. ಮುದುಕ ಕ್ಷೌರಿಕ ಭಾರೀ ಖುಷಿಪಟ್ಟ. ಆದರೆ ಗಲ್ಲಾಕ್ಕೆ ಹಾಕಲಿಲ್ಲ, ಅಂಗಿ ಕಿಸೆಗೆ ಹಾಕಿದ. ಮೊಮ್ಮಗಳಿಗಂತೆ. ಲೈಬ್ರರಿಯಲ್ಲಿ ಹಳೇ ಪುಸ್ತಕ ಮಾರುತ್ತಿದ್ದರು, ಅಲ್ಲಿ 6 ಹೋಯಿತು. ಆ ಹೆಂಗಸೂ ತನ್ನ ಪರ್ಸಿನಿಂದ ನೋಟು ತೆಗೆದು ಡಬ್ಬಿಗೆ ಹಾಕಿ ನಾಣ್ಯ ತಾನಿಟ್ಟುಕೊಂಡರು. ಬೀದಿಯಲ್ಲಿ ಒಬ್ಬರು ಮನೆ ಮುಂದೆ ಹಳೇ ಸಾಮಾನು ಹರಡಿದ್ದರು. ಹೆಂಡತಿ ಒಂದು ಉಣ್ಣೆ ಕಂಬಳಿ, ಒಂದು ಗೋಡೆ ಗಡಿಯಾರ ಆರಿಸಿದಳು, 15. ಗಡಿಯಾರ ಈಗಲೂ ನಮ್ಮ ನಡುಮನೆಯಲ್ಲಿದೆ, ದಿನಕ್ಕೆ ಎರಡು ನಿಮಿಷ ಮುಂದೆ ಓಡುತ್ತದೆ.

ಒಂದು ದಿನ ನ್ಯೂಯಾರ್ಕ್‌ಗೆ ಹೊರಟು ರೈಲ್ವೆ ಸ್ಟೇಷನ್ನಿನ ಟಿಕೆಟ್ ಮೆಶಿನ್ನಿಗೆ 20ರ ನೋಟು ಹಾಕಿದೆ. ಟಿಕೆಟ್ ಬಂತು. ಹಿಂದೆಯೇ ತಟ್ಟೆಗೆ ಠಣ್ ಠಣ್ ಅಂತ ಚಿಲ್ಲರೆ ಬಿತ್ತು. ನೋಡಿದರೆ ಅದೇ ನಾಣ್ಯ, ಏಳು! ಖರ್ಚು ಮಾಡಲು ಹೊರಟವನ ಕೈಗೆ ಮತ್ತೆ ಏಳು ಬಂದು ಸೇರಿತು. ಪಕ್ಕದಲ್ಲಿ ಕಾಯುತ್ತಿದ್ದ ಒಬ್ಬರು ನನ್ನ ಮುಖ ನೋಡಿ ನಕ್ಕರು. ಆ ಊರಿನವರಿಗೆ ಡಾಲರ್ ನಾಣ್ಯ ಅಂದರೆ ಆ ಮೆಶಿನ್ ಕೊಡುವ ಪೀಡೆ.

ಕೊನೆಗೆ ಲೆಕ್ಕ ಹೀಗೆ: 50 ಮತ್ತು 7 ಸೇರಿ 57. ಖರ್ಚಾದದ್ದು 38. ಬಾಕಿ 19. ಖರ್ಚಾದ 38ರಲ್ಲಿ ಕನಿಷ್ಠ 20 ಯಾರದೋ ಕಿಸೆಗೆ, ಪರ್ಸಿಗೆ ಹೋದದ್ದನ್ನು ನಾನೇ ಕಂಡಿದ್ದೇನೆ. ಅಂದರೆ ಕೊಟ್ಟರೂ ಓಡಾಡಲಿಲ್ಲ. ನೋಟು ಇರುವ ತನಕ ಅದು ನೆನಪಿನ ಕಾಣಿಕೆಯೇ ಹೊರತು ದುಡ್ಡಲ್ಲ.

ಹೊರಡುವ ಮೊದಲು ಮಗ ನಮ್ಮನ್ನು ಫಿಲಡೆಲ್ಫಿಯಾಕ್ಕೆ ಕರೆದೊಯ್ದ. ಅಲ್ಲಿನ ಟಂಕಸಾಲೆ 1792ರಷ್ಟು ಹಳೆಯ ಸಂಸ್ಥೆ, ಈಗಿನ ಕಟ್ಟಡ ಆಮೇಲಿನದ್ದು. ಟಿಕೆಟ್ ಇಲ್ಲ, ಸುಮ್ನೆ ಹೋಗಿ ನೋಡಬಹುದು. ಎತ್ತರದ ಗಾಜಿನ ಓಣಿಯಲ್ಲಿ ನಡೆಯುತ್ತಾ ಕೆಳಗೆ ನೋಡಿದರೆ ಯಂತ್ರಗಳು, ತೊಟ್ಟಿಗಳು, ಹೊಳೆಯುವ ನಾಣ್ಯದ ರಾಶಿ. ಒಕ್ಕಲು ಮಾಡಿದ ಭತ್ತದ ಹಾಗೆ. 36 ವರ್ಷ ದುಡ್ಡು ಮುಟ್ಟಿದವನು ದುಡ್ಡು ಹುಟ್ಟುವುದನ್ನು ಕಂಡದ್ದು ಅದೇ ಮೊದಲು. ಅರ್ಧ ಗಂಟೆ ಅಲ್ಲಾಡದೆ ನಿಂತಿದ್ದೆ. ಮಗ ಮಾತ್ರ ಆ ಗಾಜಿನ ಎದುರು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮುಂದೆ ಆದದ್ದು ಬೇಗ ಹೇಳಿಬಿಡುತ್ತೇನೆ. 2009ರ ಕೊನೆಗೇ ಅಲ್ಲಿನ ಪತ್ರಿಕೆಗಳಲ್ಲಿ ಈ ಮೈಲಿ ಆಟ ಸುದ್ದಿಯಾಗಿತ್ತು. ಟಂಕಸಾಲೆ ಒಬ್ಬರಿಗೆ ಇಷ್ಟೇ ಅಂತ ಮಿತಿ ಹಾಕಿತು. ಆದರೂ ನಿಲ್ಲಲಿಲ್ಲ. 2011ರ ಬೇಸಿಗೆಯಲ್ಲಿ ರೇಡಿಯೊದವರು, ಯಾರಿಗೂ ಬೇಡದ ನಾಣ್ಯ ನೂರು ಕೋಟಿಯಷ್ಟು ತಿಜೋರಿಯಲ್ಲಿ ಬಿದ್ದಿದೆ ಅಂತ ಬಯಲು ಮಾಡಿದರು. ಅದೇ ಜುಲೈ 22ರಿಂದ ಟಂಕಸಾಲೆ ಈ ಯೋಜನೆಯಲ್ಲಿ ಕಾರ್ಡ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಅಲ್ಲಿಗೆ ಮೈಲಿ ಆಟ ಬಂದ್. ನಮ್ಮಲ್ಲಿ 25 ಪೈಸೆ ಚಲಾವಣೆ ನಿಂತದ್ದೂ ಅದೇ ಬೇಸಿಗೆ, ಜೂನ್ 30ಕ್ಕೆ. ಫೋನಿನಲ್ಲಿ ನಾನೂ ಮಗನೂ ಈ ಎರಡೂ ಸಾವಿನ ಸುದ್ದಿ ಹಂಚಿಕೊಂಡೆವು.

ಡಿಸೆಂಬರ್‌ನಲ್ಲಿ ಆಗಿನ ಉಪಾಧ್ಯಕ್ಷ ಜೋ ಬೈಡನ್ ಅವರೇ ಚಲಾವಣೆಗೆಂದು ಅಧ್ಯಕ್ಷರ ನಾಣ್ಯ ಒತ್ತುವುದನ್ನು ನಿಲ್ಲಿಸುತ್ತೇವೆ ಎಂದು ಪ್ರಕಟಿಸಿದರು. ತಿಜೋರಿಯಲ್ಲಿ ಆಗಲೇ 140 ಕೋಟಿ ನಾಣ್ಯ. ಒತ್ತಿದ್ದರಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ವಾಪಸ್ ಬಂದಿತ್ತು. ಮುಂದಿನ ವರ್ಷದ ಸರದಿ ಚೆಸ್ಟರ್ ಆರ್ಥರ್ ಅವರದಾಗಿತ್ತು, ಪಾಪ, ಅವರ ನಾಣ್ಯಕ್ಕೇನೂ ಬೇಡಿಕೆ ಇಲ್ಲ ಅಂತ ಬೈಡನ್ ತಮಾಷೆಯನ್ನೂ ಮಾಡಿದರು. 2012ರಿಂದ ಸಂಗ್ರಹ ಮಾಡುವವರಿಗೆ ಮಾತ್ರ ಒತ್ತಿದರು.

ಗಮನಿಸಿ, 140 ಕೋಟಿಯಲ್ಲಿ ಮೈಲಿಯವರದ್ದು ಒಂದು ಪಾಲು ಮಾತ್ರ. ಅವರು ಇಲ್ಲದಿದ್ದರೂ ತಿಜೋರಿ ತುಂಬುತ್ತಿತ್ತು, ಕಾನೂನೇ ಹಾಗಿತ್ತು. ಅದಕ್ಕೇ ನಿಮ್ಮ ಲೇಖಕರು ಎಲ್ಲ ಪಾಪವನ್ನೂ ಅವರ ತಲೆಗೆ ಕಟ್ಟಿದ್ದು ನನಗೆ ಸರಿ ಕಾಣಲಿಲ್ಲ. ಹಾಗಂತ ನನ್ನ ಮಗ ಮಾಡಿದ್ದು ಜಾಣತನ ಅಂತಲೂ ನಾನು ಬೆನ್ನು ತಟ್ಟುವುದಿಲ್ಲ. ಈ ಮಾತು ಅವನಿಗೂ ಹೇಳಿದ್ದೇನೆ. ‘ನಾನು ಕದ್ದಿಲ್ಲ ಅಪ್ಪಾ’ ಅಂದ. ಕದ್ದೆ ಅಂತ ನಾನೂ ಹೇಳಲಿಲ್ಲ. ನಿಯಮ ಬರೆದವರು ಬರೆಯುವ ಮೊದಲು ಒಬ್ಬ ಕ್ಯಾಶಿಯರ್‌ನನ್ನು ಕರೆದು ಕೇಳಿದ್ದರೆ ಸಾಕಿತ್ತು ಅಂದೆ. ಕಾರ್ಡಿನಲ್ಲಿ ದುಡ್ಡನ್ನೇ ಮಾರಲು ಹೊರಟರೆ ಏನಾಗುತ್ತದೆ ಅಂತ ಅವನು ಐದು ನಿಮಿಷದಲ್ಲಿ ಹೇಳುತ್ತಿದ್ದ.

ನಮ್ಮಲ್ಲೂ ಇದೇ ನಡೆದಿದೆ. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮೊಮ್ಮಗ ಆ್ಯಪ್‌ನಲ್ಲಿ ಕಾರ್ಡ್ ಹಾಕಿ, ಅಪ್ಪನಿಗೇ ‘ಮನೆ ಬಾಡಿಗೆ’ ಕಳಿಸಿ ಪಾಯಿಂಟ್ ಕೂಡಿಸುತ್ತಿದ್ದ. ಅಪ್ಪ ಅದನ್ನು ಮಗನಿಗೆ ವಾಪಸ್ ಹಾಕುತ್ತಿದ್ದ. 2022ರ ಕೊನೆಯಿಂದ ಬ್ಯಾಂಕುಗಳು ಬಾಡಿಗೆಗೆ ನೂರಕ್ಕೆ ಒಂದರಂತೆ ಶುಲ್ಕ ಹಾಕತೊಡಗಿದ ಮೇಲೆ ಬಿಟ್ಟ. ನಿಜವಾಗಿ ಬಾಡಿಗೆ ಕಟ್ಟುವವರ ತಲೆಗೂ ಆ ಶುಲ್ಕ ಬಿತ್ತು. ನಿಮ್ಮ ಲೇಖನದಲ್ಲಿ ಇದನ್ನೂ ಒಂದು ‘ಉಪಾಯ’ ಅಂತ ಹಾಕಿದ್ದೀರಿ. ಶುಲ್ಕದ ಮಾತು ಎಲ್ಲೂ ಇಲ್ಲ.

ಕೊನೆಯದಾಗಿ, ಬೆಳ್ಳಿ ಅಂದದ್ದಕ್ಕೆ ಒಂದು ತಿದ್ದುಪಡಿ ಹಾಕಿ. ಪಕ್ಕದ ಮನೆಯವರಿಗೆ ಅಕ್ಕಸಾಲಿಯ ಮಾತಿನಲ್ಲೂ ಪೂರ್ತಿ ನಂಬಿಕೆ ಬಂದಿಲ್ಲ, ನಿಮ್ಮಲ್ಲೇ ಬರಬೇಕು. ನನ್ನ ಹೆಸರು ಮಾತ್ರ ಹಾಕಬೇಡಿ, ಮಗ ಬೈತಾನೆ. ಈ ಪತ್ರದ ಜೊತೆ 19ರಲ್ಲಿ ಒಂದು ನಾಣ್ಯವನ್ನು ರಟ್ಟಿಗೆ ಅಂಟಿಸಿ ಕಳಿಸಿದ್ದೇನೆ, ಫಿಲ್ಮೋರ್ ಅವರದ್ದು. ಇಸವಿ ಅಂಚಿನಲ್ಲಿದೆ, ಭೂತಗನ್ನಡಿ ಬೇಕಾದೀತು. ವಾಪಸ್ ಕಳಿಸಬೇಕಾಗಿಲ್ಲ. ನಿಮ್ಮ ಕಚೇರಿಯವರು ಯಾರಾದರೂ ಆ ಕಡೆ ಹೋದರೆ ಕೊಟ್ಟು ಕಳಿಸಿ. ಖರ್ಚಾದರೆ ನನಗೊಂದು ಕಾರ್ಡ್ ಬರೆಯಿರಿ, ಪೋಸ್ಟ್ ಕಾರ್ಡ್.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕ್ಯಾಶಿಯರ್, ಸಾಗರ